ಆಯಿಯ ಕಿಡ್ನಿಯೊಳಗಿನ ಒಲೆಗಳು

ಇವತ್ತು ಭಾನುವಾರ. ಮುಂಜಾನೆ ಅಡುಗೆಮನೆಗೆ ಹೋಗಿ ನೋಡಿದರೆ, ನಿನ್ನೆ ನಿಂಬೆ ಶರಬತ್ತು ಕುಡಿದು ತೊಳೆಯದೆ ಇಟ್ಟಿದ್ದ ಲೋಟಕ್ಕೆ ಇರುವೆ ಮುತ್ತಿದ್ದವು. ಕಿಟಕಿಯ ಸಂದಿಯಿಂದ ಹೊರಟ ಸಾಲು ಕಟ್ಟೆ ದಾಟಿ, ಲೋಟದ ಕಂಠ ಹತ್ತಿ ಒಳಗಿಳಿದಿತ್ತು. ಬೇರೆಯವರಾದರೆ ತಮ್ಮ ಮೈಗಳ್ಳತನವನ್ನು ಬೈದುಕೊಂಡು ಲೋಟ ತೊಳೆದಿಡುತ್ತಿದ್ದರು. ನಾನು ನಿಂತಲ್ಲೇ ನಗತೊಡಗಿದೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಒಬ್ಬಳೇ ನಗುವವಳನ್ನು ಕಂಡರೆ ಓಣಿಯವರು ಏನಂದುಕೊಂಡಾರು ಎಂದು ಕಿಟಕಿ ಮುಚ್ಚಿದೆ. ನಿಮಗಾದರೂ ಕಾರಣ ಹೇಳಿಬಿಡುತ್ತೇನೆ. ಆದರೆ ಮೊದಲೇ ಹೇಳ್ತೀನ್ರಿ, ಇದು ಉಚ್ಚೆಯ ಕಥೆ. ಮೂಗು ಮುರಿಯುವವರು ಮುರಿಯಲಿ, ನನಗೇನೂ ಬೇಜಾರಿಲ್ಲ. ನಮ್ಮ ಮನೆತನವೆಲ್ಲ ಒಂದು ಕಾಲಕ್ಕೆ ಅದಕ್ಕಾಗಿ ದೇವರಿಗೆ ಹರಕೆ ಹೊತ್ತಿತ್ತು.

ನಮ್ಮ ಆಯಿ, ಅಂದರೆ ನಮ್ಮವ್ವನ ಅವ್ವ, ಕುಷ್ಟಗಿಯಲ್ಲಿ ಒಂದು ಖಾನಾವಳಿ ನಡೆಸುತ್ತಾಳೆ. ಬೋರ್ಡಿನ ಮೇಲೆ ದೇವರ ಹೆಸರಿದ್ದರೂ ಮಂದಿಯ ಬಾಯಲ್ಲಿ ಅದು ನೀಲಮ್ಮನ ಖಾನಾವಳಿ. ಅಲ್ಲಿ ಊಟಕ್ಕೆ ಕೂಡುವುದು ನಿಮ್ಮ ಕೈಯಲ್ಲಿದೆ, ಏಳುವುದು ಆಯಿಯ ಕೈಯಲ್ಲಿ. ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿದೆ ಎಂದು ಯಾರಾದರೂ ಚಡಪಡಿಸಿದರೆ, “ಕಂಡಕ್ಟರ ಇಲ್ಲೇ ನಿನ್ನ ಬಾಜೂಕ ಕುಂತಾನ, ಬಸ್ಸು ಎಲ್ಲಿಗೆ ಹೋಗತೈತಿ? ಉಣ್ಣು” ಅನ್ನುತ್ತಾಳೆ. ಕಂಡಕ್ಟರನಿಗೂ ಬಿಡುಗಡೆ ಇಲ್ಲ. ಅವನ ತಾಟಿಗೆ ಅಷ್ಟರಲ್ಲಿ ಇನ್ನೊಂದು ರೊಟ್ಟಿ ಬಿದ್ದಿರುತ್ತದೆ. ಎಪ್ಪತ್ತು ದಾಟಿದ ಜೀವ, ಆಗೆಲ್ಲ ಇಡೀ ದಿನ ರೊಟ್ಟಿಯ ಹಂಚಿನ ಮುಂದೆ. ಮೊಣಕಾಲು ನೋಯದೆ ಇನ್ನೇನಾದೀತು? ನೋವಿಗೆ ಮೆಡಿಕಲ್ ಅಂಗಡಿಯ ಗುಳಿಗೆ. ಅದನ್ನು ಆಕೆ ಶೇಂಗಾ ತಿಂದ ಹಾಗೆ ತಿನ್ನುತ್ತಿದ್ದಳು. ಬೇಡ ಅಂದರೆ, “ನೀ ಕಾಲೇಜಿನಾಗ ಕುರ್ಚಿ ಮ್ಯಾಲೆ ಕುಂದ್ರಾಕಿ, ನಿನಗೇನು ಗೊತ್ತು ಮೊಣಕಾಲು” ಎಂದು ನನ್ನ ಬಾಯಿಯನ್ನೇ ಮುಚ್ಚಿಸುತ್ತಿದ್ದಳು.

ಕುರ್ಚಿಯ ಮಾತು ಸುಳ್ಳಲ್ಲ. ನಾನು ಗಂಗಾವತಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವವಳು. ‘ಮೈಟೊಕಾಂಡ್ರಿಯ ಜೀವಕೋಶದ ಶಕ್ತಿಕೇಂದ್ರ’ ಎಂಬ ಒಂದು ವಾಕ್ಯವನ್ನು ನಾನು ಎಷ್ಟು ಮಕ್ಕಳ ಬಾಯಿಗೆ ಹಾಕಿದ್ದೇನೋ ಲೆಕ್ಕವಿಲ್ಲ. ನಾನು ‘ಮೈಟೊಕಾಂಡ್ರಿಯ’ ಅನ್ನಬೇಕು, ಅವರು ‘ಶಕ್ತಿಕೇಂದ್ರ’ ಎಂದು ಕೂಗಬೇಕು. ಬೋರ್ಡಿನ ಮೇಲೆ ಗುಳಿಗೆಯಂಥ ಒಂದು ಆಕಾರ ಬರೆದು, ಒಳಗೆ ಸೊಟ್ಟಂಬಟ್ಟ ಗೆರೆ ಎಳೆದರೆ ಚಿತ್ರ ಮುಗಿಯಿತು. ಹಿಂದಕ್ಕೆ ತಿರುಗಿ ಮಕ್ಕಳ ಮೇಲೆ ಕಣ್ಣಿಟ್ಟುಕೊಂಡೇ ಅದನ್ನು ಬರೆಯಬಲ್ಲೆ, ಅಷ್ಟು ಕೈ ಕುದುರಿದೆ. ಆ ಚಿತ್ರ ನನ್ನ ಮೈಯಲ್ಲೂ ಇದೆ, ಆಯಿಯ ಮೈಯಲ್ಲೂ ಇದೆ ಎಂಬುದು ಗೊತ್ತಿರಲಿಲ್ಲ ಅಂತಲ್ಲ. ಯೋಚನೆಗೆ ಬಂದಿರಲಿಲ್ಲ ಅಷ್ಟೇ.

ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಆಯಿಗೆ ವಾಂತಿ ಭೇದಿ ಹತ್ತಿತು. ನಮ್ಮ ಕಡೆಯ ಬೇಸಿಗೆ ಹೇಗಿರುತ್ತದೆ ನಿಮಗೆ ಹೇಳಬೇಕಾಗಿಲ್ಲ. ಮೈಯಲ್ಲಿ ಹನಿ ನೀರಿಲ್ಲದಿದ್ದರೂ ಮಹರಾಯಿತಿ ಹಂಚು ಬಿಟ್ಟು ಏಳಲಿಲ್ಲ. ಮೈ ಕೈ ನೋಯುತ್ತದೆಂದು ಮತ್ತಷ್ಟು ಗುಳಿಗೆ ನುಂಗಿದಳು. ಕೊನೆಗೆ ಉಚ್ಚೆಯೇ ನಿಂತುಹೋಗಿ, ಮುಖಮಾರಿಯೆಲ್ಲ ಬಾತು, ಮಾತು ತೊದಲಿದಾಗ ನಮ್ಮ ಮಾವ, ಆಯಿಯ ಒಬ್ಬನೇ ಮಗ, ಆಕೆಯನ್ನು ಎತ್ತಿಕೊಂಡು ಕೊಪ್ಪಳದ ದವಾಖಾನೆಗೆ ತಂದ. ನಮ್ಮವ್ವ ಇಲ್ಲದ್ದರಿಂದ ಹಾಸಿಗೆ ಪಕ್ಕ ಕೂಡುವ ಹೆಣ್ಣುಮಗಳು ನಾನೇ. ರಜಾ ಹಾಕಿ ಓಡಿದೆ.

“ಕಿಡ್ನಿ ಸತ್ತಿಲ್ಲರಿ, ಕೆಲಸ ಬಿಟ್ಟು ಕುಂತಾವ” ಎಂದರು ಡಾಕ್ಟರು. “ಹೆಚ್ಚಿನ ಮಂದಿಗೆ ಮತ್ತ ಶುರು ಆಗತಾವ. ಈ ವಯಸ್ಸಿನಾಗ ಖಾತ್ರಿ ಹೇಳಾಕ ಬರಂಗಿಲ್ಲ. ಅಲ್ಲೀತನಕ ಮಷೀನಿಂದ ರಕ್ತ ತೊಳೀತೀವಿ.”

“ಶುರು ಆಗಲಿಲ್ಲಂದ್ರ?” ಮಾವ ಕೇಳಿದ.

“ಆಗಲಿಲ್ಲಂದ್ರ ಜೀವ ಇರೋತನಕ ಮಷೀನ.”

ಅಂದರೆ ಕುಷ್ಟಗಿಯಿಂದ ವಾರವಾರವೂ ಅಡ್ಡಾಟ, ಮಷೀನಿನ ಪಕ್ಕ ತಾಸುಗಟ್ಟಲೆ ಮಲಗುವುದು. ಹಂಚಿನ ಮುಂದೆ ಆಯಿ ಮತ್ತೆ ಕೂಡುವುದು ಕನಸಿನ ಮಾತು. ಹಂಚಿಲ್ಲದ ಆಯಿ ಎಷ್ಟು ದಿನ ಉಳಿದಾಳು ಎಂಬುದನ್ನು ಮಾವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಎಲ್ಲವೂ ಮಂಚದ ಕೆಳಗಿದ್ದ, ಅಳತೆಗೆರೆ ಹೊಡೆದ ಒಂದು ಪ್ಲಾಸ್ಟಿಕ್ ಜಗ್ಗಿನ ಮೇಲೆ ನಿಂತಿತ್ತು. ಆಯಿ ಒಂದಕ್ಕೆ ಹೋದದ್ದನ್ನು ಅದರಲ್ಲಿ ಹಿಡಿಯಬೇಕು. ಬೆಳಗಾದರೆ ನಾವೆಲ್ಲ ಆ ಜಗ್ಗಿನೊಳಗೆ ಬಗ್ಗಿ ನೋಡುತ್ತಿದ್ದೆವು. ತಳದಲ್ಲಿ ಚಹಾದ ಬಣ್ಣದ ಎರಡು ಗುಟುಕು ಕಂಡರೆ ಹೆಚ್ಚು.

ಆಯಿಗೆ ಸಿಟ್ಟು ಬಂದದ್ದು ರೋಗದ ಮೇಲಲ್ಲ. ತನ್ನ ಮೈಯೊಳಗೇ ಯಾರೋ ಕೆಲಸ ಬಿಟ್ಟು ಕುಂತಿದ್ದಾರೆ ಎಂಬುದರ ಮೇಲೆ. “ನಮ್ಮ ಮನ್ಯಾಗ ಹಗಲೊತ್ತು ಕೈ ಕಟ್ಟಿಕೊಂಡು ಕುಂತಾವ್ರು ಯಾರರ ಅದಾರೇನು? ಇವಕ್ಕೇನು ಧಾಡಿ ಬಂದೈತಿ?” ಎಂದು ಹೊಟ್ಟೆಯ ಕಡೆ ನೋಡಿಕೊಂಡು ಬೈಯುತ್ತಿದ್ದಳು. ಕಿಡ್ನಿ ಇರುವುದು ಬೆನ್ನಿನ ಕಡೆ ಬೇ ಆಯಿ ಅಂದರೆ, ಪಕ್ಕಕ್ಕೆ ಹೊರಳಿ ಬೆನ್ನಿಗೂ ನಾಲ್ಕು ಮಾತು ಹೇಳಿದಳು. ಅವಳನ್ನು ಸುಮ್ಮನಿರಿಸಲೆಂದು ನಾನು ಪಾಠ ಹೇಳಲು ಕೂತೆ. ಹೇಳುವಾಗ ಶಕ್ತಿಕೇಂದ್ರ ಎಂಬ ಮಾತು ಬಾಯಿಗೆ ಬಂದು ಅಲ್ಲೇ ನಿಂತಿತು. ಆಯಿಗೆ ಕೇಂದ್ರ ಅಂದರೆ ಸರಕಾರಿ ಕಾಗದಪತ್ರಕ್ಕೆ ಸಾಲು ನಿಲ್ಲುವ ನೆಮ್ಮದಿ ಕೇಂದ್ರ. ಅಲ್ಲಿ ಆಕೆಗೆ ಯಾವತ್ತೂ ನೆಮ್ಮದಿ ಸಿಕ್ಕಿರಲಿಲ್ಲ.

“ಆಯಿ, ಕಿಡ್ನಿ ಅಂದ್ರ ಬರೇ ಜರಡಿ ಅಲ್ಲ. ಸೋಸೋದು ಹಗುರ ಕೆಲಸ. ಸೋಸಿದ ನೀರಾಗ ಮೈಗೆ ಬೇಕಾದ ಉಪ್ಪು, ಸಕ್ಕರಿ ಎಲ್ಲಾ ಹೋಗಿರತೈತಿ. ಅದನ್ನ ಆರಿಸಿ ಆರಿಸಿ ವಾಪಸ್ ತಗೊಳ್ಳೋದು ಭಾಳ ದುಡಿಮಿ. ಅದಕ್ಕ ಕಸುವು ಬೇಕು. ಅಲ್ಲಿ ಒಂದೊಂದು ಜೀವಕೋಶದಾಗೂ ನೂರಾರು ಒಲಿ ಅದಾವ. ಮೈಟೊಕಾಂಡ್ರಿಯ ಅಂತಾರ.”

“ನೂರಾರು ಒಲಿ!” ಬಾತ ಮುಖದಲ್ಲೂ ಆಯಿಯ ಕಣ್ಣು ಅಗಲವಾದವು. “ನನಗ ಮೂರು ಒಲಿ ಸಂಭಾಳಿಸೋದ್ರಾಗ ಸಾಕ್ ಸಾಕಾಗತೈತಿ. ಅಷ್ಟಕ್ಕೂ ಕಟ್ಟಿಗಿ ಯಾರು ತರತಾರ?”

“ರಕ್ತ ತರತೈತಿ. ಗಾಳಿನೂ ಅದ ತರತೈತಿ. ನೀ ವಾಂತಿ ಭೇದಿ ಮಾಡಿಕೊಂಡು ನೀರೆಲ್ಲಾ ಕಳಕೊಂಡಿ, ರಕ್ತ ಹರಿಯೋದು ಕಮ್ಮಿ ಆತು. ಮ್ಯಾಲೆ ನಿನ್ನ ಗುಳಿಗಿ ಕಿಡ್ನಿಯ ದಾರಿನೂ ಸಣ್ಣದು ಮಾಡಿತು. ಗಾಳಿ ಇಲ್ಲದ ಒಲಿ ಏನಾಗತೈತಿ?”

“ಹೊಗಿ ಹಾಕತೈತಿ.”

“ಹಂಗ ಆಗೈತಿ. ಆ ಹೊಗಿಗೆ ಒಲಿ ಬಿರುಕು ಬಿಟ್ಟು ತುಂಡು ತುಂಡು ಆಗ್ಯಾವ. ಕೆಲವು ಜೀವಕೋಶ ಸತ್ತಾವ. ಉಳಿದಾವು ಕೆಲಸ ನಿಲ್ಲಿಸಿ, ಜೀವ ಹಿಡಕೊಂಡು ಕುಂತಾವ. ಒಡೆದ ಒಲಿ ಹೊರಗ ಹಾಕಿ, ಹೊಸಾವು ಹೂಡಿಕೊಂಡು ಮತ್ತ ಹಚ್ಚಬೇಕು. ಅದಕ್ಕ ಟೈಮ್ ಬೇಕು.”

ಆಯಿ ತಲೆಯಾಡಿಸಿದಳು. ಎಲ್ಲಾ ತಿಳಿಯಿತು ಎಂದು ನನಗೆ ಹೆಮ್ಮೆಯಾಗುತ್ತಿರುವಷ್ಟರಲ್ಲಿ, “ಹಂಗಾರ ಊದಿದ್ರ ಹತ್ತತಾವಲ್ಲ” ಎಂದಳು. ಊದುವುದೆಂದರೆ ಆಕೆಯ ಲೆಕ್ಕದಲ್ಲಿ ಕೊಡಗಟ್ಟಲೆ ನೀರು ಕುಡಿಯುವುದು. ಕುಡಿದ ನೀರು ಹೋಗಲು ದಾರಿಯಿಲ್ಲದೆ ಶ್ವಾಸಕೋಶಕ್ಕೆ ತುಂಬಿಕೊಳ್ಳುತ್ತದೆ, ಉಸಿರು ಕಟ್ಟುತ್ತದೆ ಎಂದು ತಿಳಿಹೇಳುವುದರಲ್ಲಿ ನನ್ನ ಗಂಟಲು ಒಣಗಿತು. ಕಾಯಬೇಕು ಎಂಬ ಒಂದು ಕೆಲಸವನ್ನು ಆಯಿ ಜೀವಮಾನದಲ್ಲಿ ಮಾಡಿದವಳಲ್ಲ.

ಕಾಯಲು ಬಿಡದವರು ಇನ್ನೂ ಇದ್ದರು. ನಮ್ಮ ಬಳಗ. ನಮ್ಮ ಮಂದಿ ದವಾಖಾನೆಗೆ ಬರಿಗೈಲಿ ಬರುತ್ತಾರೇನ್ರಿ? ರೋಗ ಯಾವುದಾದರೂ ಇರಲಿ, ಮದ್ದು ಒಂದೇ: ಎಳನೀರು, ಬಾಳೆಹಣ್ಣು. ಕೈ ಮುರಿದವನಿಗೂ ಅದೇ, ಹಡೆದವಳಿಗೂ ಅದೇ. ಡಾಕ್ಟರು ನೋಡಿದರೆ ಮೊದಲ ದಿನವೇ ಆ ಎರಡಕ್ಕೇ ಬಂದೋಬಸ್ತಾಗಿ ಬೇಲಿ ಹಾಕಿದ್ದರು. ಅವುಗಳಲ್ಲಿ ಪೊಟ್ಯಾಸಿಯಂ ಹೇರಳ. ಕಿಡ್ನಿ ಅದನ್ನು ಹೊರಗೆ ಹಾಕದಿದ್ದರೆ ಎದೆಬಡಿತವೇ ತಪ್ಪಬಹುದು. ನನ್ನನ್ನು ಬಾಗಿಲಿಗೆ ಕಾವಲು ಕೂರಿಸಿದರು. ಬಂದವರ ಚೀಲ ಮುಟ್ಟಿ ನೋಡುವುದೇ ನನ್ನ ಕೆಲಸ. ಬೀಗರು ಮುನಿಸಿಕೊಂಡರು. ಯಲಬುರ್ಗಾದ ಒಬ್ಬ ಹಿರಿಯರು, “ಮೊಮ್ಮಗಳು ಪೊಲೀಸ್ ಇಲಾಖೆಗೆ ಹೋಗಬೇಕಾಗಿತ್ತು” ಎಂದು ನನಗೆ ಕೇಳುವ ಹಾಗೆಯೇ ಹೇಳಿದರು. ನನ್ನ ನಾಲಿಗೆಯೂ ಸುಮ್ಮನಿರಲಿಲ್ಲ, ಅದನ್ನು ಇಲ್ಲಿ ಬರೆಯುವುದು ಬೇಡ.

ಎಲ್ಲರಿಗಿಂತ ಗಟ್ಟಿ ಕುಳ ಸಣ್ಣಾಯಿ. ಆಯಿಯ ಖಾಸ ತಂಗಿ, ಆನೆಗೊಂದಿಯವಳು. ಹೊಳೆದಂಡೆಯ ಮೇಲೆ ಬಾಳೆತೋಟ, ಅದರ ಬದುವಿಗೆ ತೆಂಗು. ಬಾಳೆಹಣ್ಣು ಬೇಡ ಅಂದರೆ ತನ್ನ ಮನೆತನವನ್ನೇ ಬೇಡ ಅಂದಂತೆ ಆಕೆಗೆ. “ನೀರು ಒಳಗ ಹೋಗದ ಹೊರಗ ಎಲ್ಲಿಂದ ಬರಬೇಕವ್ವಾ? ನಿಮ್ಮ ಡಾಕ್ಟ್ರು ಯಾವ ಸಾಲಿ ಕಲಿತಾರ?” ಎಂದು ದಿನಾ ನನ್ನೊಡನೆ ಜಗಳ. ದಿನಾ ಸೋತು, ಗೊನೆಯನ್ನು ವಾರ್ಡಿನ ಬೇರೆ ಮಂದಿಗೆ ಹಂಚಿ, ಮರುದಿನ ಮತ್ತೊಂದು ತರುತ್ತಿದ್ದಳು.

ಒಂದು ಮುಂಜಾನೆ ನಾನೂ ಮಾವನೂ ಚಹಾ ಕುಡಿಯಲು ಕೆಳಗಿಳಿದಿದ್ದೆವು. ಮೇಲೆ ಬಂದರೆ ವಾರ್ಡಿನ ಸಿಸ್ಟರ್ ಜಗ್ಗನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಆಕೆ ಮಂಗಳೂರಿನವಳು, ಕಡಲಿನ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಹಳ್ಳಿ. ಮಾತಿಗೆ ಮೊದಲು ನಗುವ ಹುಡುಗಿ. ಜಗ್ಗು ಅರ್ಧಕ್ಕಿಂತ ಮೇಲೆ ತುಂಬಿತ್ತು. ತಿಳಿಯಾದ ನೀರು!

“ಒಂದಕ್ಕ ಆತು!” ಎಂದಳು ಆಯಿ ಹಾಸಿಗೆಯಿಂದ.

ಮಾವ ಅಷ್ಟು ಎತ್ತರದ ಆಳು, ಅಲ್ಲೇ ಗೋಡೆಗೆ ಹಣೆ ಹಚ್ಚಿ ಹೋ ಎಂದು ಅತ್ತ. ಅತ್ತವನು ಕಣ್ಣೊರೆಸಿಕೊಂಡು ಹೊರಗೋಡಿ ಪೇಢೆಯ ಪೊಟ್ಟಣ ತಂದ. ಸಿಸ್ಟರಿಗೆ ಪೇಢೆ, ಬಾಜೂ ಮಂಚದವರಿಗೆ ಪೇಢೆ, ನೆಲ ಒರೆಸುವವಳಿಗೆ ಪೇಢೆ. “ಏನು ವಿಶೇಷರಿ? ಗಂಡೋ ಹೆಣ್ಣೋ?” ಎಂದು ಆಚೆ ವಾರ್ಡಿನವರು ಕೇಳಿದರೆ, “ನಮ್ಮವ್ವ ಉಚ್ಚಿ ಹೊಯ್ದಾಳರಿ” ಎಂದು ಎದೆಯುಬ್ಬಿಸಿ ಹೇಳಿದ. ಸಣ್ಣಾಯಿ ಮಾತ್ರ ಮೂಲೆಯಲ್ಲಿ ಕೂತು, ಸೆರಗು ಬಾಯಿಗಿಟ್ಟುಕೊಂಡು, ಗೆದ್ದವಳ ನಗೆ ನಗುತ್ತಿದ್ದಳು. ನನಗೂ ಮಾವನಿಗೂ ಆಗ ಗೊತ್ತಾಯಿತು ಹಸಿವೆ ಎಂಬುದೊಂದು ಇದೆ ಎಂದು. ಕುಷ್ಟಗಿಯಿಂದ ಬಂದ ಬುತ್ತಿ ಬಿಚ್ಚಿ ವರಾಂಡದಲ್ಲೇ ಕೂತೆವು. ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು. ಅಂಥ ಊಟವನ್ನು ನಾನು ಮದುವೆಮನೆಯಲ್ಲೂ ಉಂಡಿಲ್ಲ. ಬೆರಳು ನೆಕ್ಕುತ್ತ ತಲೆಯೆತ್ತಿದರೆ, ಬಾಗಿಲ ಸಂದಿಯಿಂದ ಆಯಿ ನಮ್ಮನ್ನೇ ನೋಡುತ್ತ ಮಲಗಿದ್ದಳು.

ಡಾಕ್ಟರು ಬರುವವರೆಗೆ ಚೆಲ್ಲಬಾರದೆಂದು ಜಗ್ಗನ್ನು ಮಂಚದ ಕೆಳಗೇ ಇಟ್ಟಿದ್ದರು. ಮಧ್ಯಾಹ್ನ ಅದಕ್ಕೆ ಬಗ್ಗಿದ ಸಿಸ್ಟರ್ ಚಿಟ್ಟನೆ ಚೀರಿದಳು. “ಅಯ್ಯ ಶಿವನ, ಇರುವಿ ಮುತ್ಯಾವ!”

ಉಚ್ಚೆಗೆ ಇರುವೆ ಹತ್ತಿತೆಂದರೆ ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು, ಅದು ಸಕ್ಕರೆ ರೋಗ. ಮಾವನ ಪೇಢೆ ಗಂಟಲಲ್ಲೇ ನಿಂತಿತು. “ಒಂದು ಹೋತು ಅನ್ನೂದ್ರಾಗ ಇನ್ನೊಂದು ಬಂತೇನ್ರಿ?” ಎಂದು ಮತ್ತೆ ಗೋಡೆಯ ಕಡೆ ಹೊರಟ. ಸಿಸ್ಟರ್ ಗಡಬಡಿಸಿ ಆಯಿಯ ಬೆರಳಿಗೆ ಚುಚ್ಚಿ ರಕ್ತ ನೋಡಿದಳು. ಸಕ್ಕರೆ ಸರಿಯಾಗೇ ಇತ್ತು. ಮತ್ತೊಮ್ಮೆ ಚುಚ್ಚಿದಳು. ಆಗಲೂ ಸರಿಯಾಗೇ ಇತ್ತು. ಡಾಕ್ಟರು ಬಂದರು, ಜಗ್ಗು ಎತ್ತಿ ಬೆಳಕಿಗೆ ಹಿಡಿದರು, ಮೂಗಿನ ಹತ್ತಿರ ತಂದರು. ಮೂಲೆಯಲ್ಲಿದ್ದ ಸಣ್ಣಾಯಿಯ ಕಡೆ ತಿರುಗಿ, “ಅಮ್ಮಾರ, ನಿಮ್ಮದು ಯಾವೂರು?” ಎಂದು ಕೇಳಿದರು.

“ಆನಿಗೊಂದಿರಿ.”

“ನೀಲಮ್ಮನವರ, ಇದು ನಿಮ್ಮ ಕಿಡ್ನಿಯಿಂದ ಬಂದಿದ್ದಲ್ಲ. ಆನಿಗೊಂದಿ ತೆಂಗಿನ ಗಿಡದಿಂದ ಬಂದೈತಿ.”

ಸಣ್ಣಾಯಿ ಬಾಟಲಿಯಲ್ಲಿ ಎಳನೀರು ಕದ್ದು ತಂದಿದ್ದಳು. ಅಕ್ಕ ಅದನ್ನು ಕುಡಿದಳು, ಕುಡಿದದ್ದಕ್ಕೇ ಒಂದಕ್ಕೆ ಆಯಿತು ಎಂದು ನಂಬಿ ಬೀಗುತ್ತಿದ್ದಳು ಪಾಪ. ಆಯಿ ಒಂದು ಹನಿಯೂ ಬಾಯಿಗೆ ಹಾಕಿರಲಿಲ್ಲ. ಬಚ್ಚಲಿಗೆ ಹೋಗಿ ಅಷ್ಟನ್ನೂ ಜಗ್ಗಿಗೆ ಸುರಿದಿದ್ದಳು. ಸಣ್ಣಾಯಿಗೆ ಅದೇ ದೊಡ್ಡ ಅವಮಾನ. “ಅಷ್ಟು ಎಳಿ ಕಾಯಿ ಆರಿಸಿ ತಂದಿದ್ದೆ, ಉಚ್ಚಿ ಜಗ್ಗಿಗೆ ಹಾಕಿದ್ಯೇನಬೇ!” ಎಂದು ಎದೆ ಬಡಿದುಕೊಂಡಳು. ವಾರ್ಡಿಗೆ ವಾರ್ಡೇ ನಕ್ಕಿತು. ಡಾಕ್ಟರು ಮಾತ್ರ ನಗಲಿಲ್ಲ. “ಇದನ್ನ ನಂಬಿ ನಾಳಿ ಮಷೀನ ಬ್ಯಾಡ ಅಂತಿದ್ದೆ. ಏನಾಗತಿತ್ತು ಗೊತ್ತೈತಿಲ್ಲೋ?” ಎಂದು ಹೇಳಿ ಹೋದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. “ಯಾಕ ಹಿಂಗ ಮಾಡಿದಿ ಬೇ ಆಯಿ? ಮನಿಗೆ ಹೋಗೋ ಅವಸರಕ್ಕ ಜೀವ ಕಳಕೊಳ್ಳಾಕಿ ಆಗಿದ್ಯೇನು?” ಎಂದು ಕೂಗಾಡಿದೆ. ಆಯಿ, “ಮಾಡೀನಿ ಬಿಡು” ಎಂದು ಗೋಡೆಯ ಕಡೆ ಹೊರಳಿದಳು. ಮಾವನೂ ನಾನೂ ಅದು ಮನೆಗೆ ಹೋಗುವ ಹಟವೆಂದೇ ತೀರ್ಮಾನ ಮಾಡಿದೆವು.

ಮತ್ತೆ ಮಷೀನು, ಮತ್ತೆ ಚಹಾದ ಬಣ್ಣದ ಎರಡು ಗುಟುಕು. ಆಯಿಯ ಬಾಯಿ ಕಡಿಮೆಯಾಯಿತು. ಒಲೆಗಳನ್ನು ಬೈಯುವುದನ್ನೂ ಬಿಟ್ಟಳು. ಅದನ್ನು ಕಂಡು ನನಗೆ ಮೊದಲ ಸಲ ಖರೇ ಹೆದರಿಕೆಯಾಯಿತು. ಆಮೇಲೆ ಒಂದು ಮುಂಜಾನೆ ನನ್ನ ಭುಜ ಅಲುಗಾಡಿಸಿ, ಕಳ್ಳದನಿಯಲ್ಲಿ ಎಂದಳು:

“ಏಯ್, ಎದ್ದೇಳು. ಈ ಸಲ ಖರೇನ ಐತಿ. ಬೇಕಾರ ಮೂಸಿ ನೋಡು.”

ಮೂಸಿ ನೋಡಿದೆ. ಹೌದ್ರಿ, ಜೀವಶಾಸ್ತ್ರದ ಉಪನ್ಯಾಸಕಿ, ಮಂಚದ ಕೆಳಗೆ ಮಂಡಿಯೂರಿ ಜಗ್ಗಿಗೆ ಮೂಗು ಹಚ್ಚಿ ಮೂಸಿದೆ. ಗಬ್ಬುನಾತ. ಅಂಥ ಛಲೋ ವಾಸನೆಯನ್ನು ನಾನು ಯಾವ ಮಲ್ಲಿಗೆಯಲ್ಲೂ ಕಂಡಿಲ್ಲ. ಕಾಲು ಜಗ್ಗು ಇತ್ತು ಅಷ್ಟೇ, ಆದರೆ ಅವಳದೇ. ನಾನು ಹೇಳಿದರೆ ಯಾರೂ ನಂಬಲಿಲ್ಲ. ಸಿಸ್ಟರ್ ಮೊದಲು ಸಣ್ಣಾಯಿಯ ಚೀಲ ಜಪ್ತಿ ಮಾಡಿದಳು. ಮಾವ ಪೇಢೆಗೆ ಹೊರಡಲಿಲ್ಲ. ಕುರ್ಚಿ ಎಳೆದುಕೊಂಡು ಜಗ್ಗಿನ ಎದುರು ಕೂತು ಇರುವೆ ಬರುತ್ತವೋ ಇಲ್ಲವೋ ಎಂದು ಕಾದ. ಒಂದೂ ಬರಲಿಲ್ಲ. ಮರುದಿನ ಜಗ್ಗು ತುಂಬಿತು. ಆಮೇಲೆ ಜಗ್ಗು ಸಾಲದಾಯಿತು. ಹೊಸ ಒಲೆ ಹೊತ್ತಿಸಿದ ಜೀವಕೋಶಗಳಿಗೆ ಆರಿಸಿಕೊಳ್ಳುವ ಕೆಲಸ ಇನ್ನೂ ಕೈಗೆ ಹತ್ತಿರಲಿಲ್ಲ ನೋಡ್ರಿ, ಸೋಸಿದ್ದೆಲ್ಲ ಹಾಗೇ ಹರಿದು ಬರುತ್ತಿತ್ತು. “ಈಗ ಕುಡೀರಿ, ಬೇಕಾದಷ್ಟು ಕುಡೀರಿ” ಎಂದು ಡಾಕ್ಟರೇ ಹೇಳಿದರು. ರಕ್ತದ ರಿಪೋರ್ಟಿನಲ್ಲಿ ಹೊಲಸಿನ ಅಂಕಿ ದಿನದಿನಕ್ಕೆ ಇಳಿಯುತ್ತ ಬಂತು. ಮಷೀನು ನಿಂತಿತು. ಮಾವ ಈ ಸಲ ಪೇಢೆ ತಂದದ್ದು ಪೊಟ್ಟಣದಲ್ಲಲ್ಲ, ಡಬ್ಬಿಯಲ್ಲಿ.

ಇದೆಲ್ಲ ನೆನಪಾಗಿ ನಕ್ಕವಳು ಇವತ್ತು ಲೋಟ ತೊಳೆದಿಟ್ಟು, ಸೀರೆ ಬದಲಿಸಿ, ಕುಷ್ಟಗಿ ಬಸ್ಸು ಹತ್ತಿದೆ. ಕನಕಗಿರಿ, ತಾವರಗೇರಾ ದಾಟಿ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟಿದೆ. ಆಯಿ ಈಗ ಹಂಚಿನ ಮುಂದೆ ಅರ್ಧ ದಿನ ಮಾತ್ರ ಕೂಡುತ್ತಾಳೆ. ನೋವಿನ ಗುಳಿಗೆ ಬಿಟ್ಟಿದ್ದಾಳೆ. ಮೊಣಕಾಲಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಗಿರಾಕಿಗಳ ಮೇಲೆ ದರ್ಬಾರು ನಡೆಸುತ್ತಾಳೆ. ನನ್ನ ತಾಟಿಗೆ ರೊಟ್ಟಿ ಹಾಕಿ ಎದುರಿಗೆ ಕೂತಳು. ಇಷ್ಟು ವರ್ಷದಲ್ಲಿ ಮತ್ತೆ ಎತ್ತದಿದ್ದ ಮಾತನ್ನು ನಗುನಗುತ್ತಲೇ ಎತ್ತಿದೆ.

“ಆಯಿ, ಅವತ್ತು ಜಗ್ಗಿನಾಗ ಎಳನೀರು ಹಾಕಿದ್ದು ಮನಿಗೆ ಬರೋ ಆಸಿಗೆ, ಹೌದಿಲ್ಲೋ?”

“ಮನಿಗಿ?” ಆಯಿ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. “ರಕ್ತ ತಗದು ನೋಡ್ತಾರ, ಸಿಕ್ಕೊಂತೀನಿ ಅನ್ನೂದು ಗೊತ್ತಿದ್ದಿಲ್ಲೇನು ನನಗ? ಒಂದು ಹೊತ್ತು ನಡದ್ರ ಸಾಕಾಗಿತ್ತು.”

“ಮತ್ತ ಯಾಕ ಹಾಕಿದಿ?”

“ನೀವೆಲ್ಲಾ ದಿನಾ ಮುಂಜಾನೆ ಜಗ್ಗು ನೋಡತಿದ್ರಿ. ನಾ ನಿಮ್ಮ ಮಾರಿ ನೋಡತಿದ್ದೆ. ನಿಮ್ಮ ಮಾವ ಅರ್ಧ ಆಗಿದ್ದ. ನಿನ್ನ ಜಂಪರ್ ತೋಳು ಜೋತು ಬಿದ್ದಿತ್ತು. ಇಲ್ಲಿಂದ ಹೋದ ಬುತ್ತಿ ಹಂಗ ಹಳಸಿ ವಾಪಸ್ ಬರತಿತ್ತು. ನಾ ಎದ್ದು ಬಡಸೂ ಹಂಗಿದ್ದಿಲ್ಲ. ಏನ್ ಮಾಡ್ಲಿ? ಒಂದು ಹೊತ್ತರ ಹೊಟ್ಟಿ ತುಂಬ ಉಣ್ಣಲಿ ಅಂದೆ.” ನನ್ನ ತಾಟಿನ ಕಡೆ ನೋಡಿ ಕೇಳಿದಳು, “ಉಂಡ್ರಿಲ್ಲೋ ಅವತ್ತು?”

“ಉಂಡ್ವಿ ಆಯಿ.”

“ಮತ್ತಿನ್ನೇನು” ಎಂದು ಇನ್ನೊಂದು ರೊಟ್ಟಿ ಹಾಕಿ, ಬಾಗಿಲಲ್ಲಿ ನಿಂತ ಗಿರಾಕಿಯನ್ನು ಕರೆಯಲು ಎದ್ದು ಹೋದಳು.

ಬದುಕುತ್ತಾಳೋ ಇಲ್ಲವೋ ಎಂದು ನಾವು ಕಾಯುತ್ತಿದ್ದಾಗ, ಆಕೆ ಮಲಗಿದಲ್ಲಿಂದಲೇ ನಮಗೆ ಬಡಿಸಿದ್ದಳು. ನಾನು ಅದಕ್ಕೆ ಕೂಗಾಡಿದ್ದೆ. ಆಕೆ ಹಾಕಿದ ರೊಟ್ಟಿ ಮುರಿದೆ. ಚೂರೂ ಬಿಡದೆ ಉಂಡೆ.

ಈಗ ಗಂಗಾವತಿಗೆ ವಾಪಸಾಗುವ ಬಸ್ಸಿನಲ್ಲಿ ಕೂತು ಇದನ್ನು ನಿಮಗೆ ಹೇಳುತ್ತಿದ್ದೇನೆ. ನಾಳೆ ಮೊದಲ ತಾಸಿಗೆ ಮೈಟೊಕಾಂಡ್ರಿಯದ ಪಾಠವೇ ಇದೆ. ಈ ಸಲ ಬೋರ್ಡಿನ ಕಡೆ ತಿರುಗುವ ಮೊದಲು ಮಕ್ಕಳ ಕಡೆ ತಿರುಗಿ ಕೇಳಬೇಕೆಂದಿದ್ದೇನೆ: “ಮುಂಜಾನೆ ಏನರ ಉಂಡು ಬಂದೀರೇನು ಎಲ್ಲಾರೂ?”